ಇನ್ನೂ ಸೀರಿಯಲ್‌ನಲ್ಲೇ ಇದ್ದೀಯಾ?

ನಿನ್ನೆ ಒಂದು ಮದುವೆ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಪಕ್ಕದ ಎಲೆಯಲ್ಲಿದ್ದ ಹುಡುಗ ಧಾರಾವಾಹಿ ನಿರ್ದೇಶಕ, ವರ್ಷಗಳಿಂದ ಅದೇ ಕೆಲಸ. ಎದುರಿಗಿದ್ದ ಹಿರಿಯರೊಬ್ಬರು ಅವನನ್ನ ಕೇಳಿದರು: "ಏನಪ್ಪಾ, ಇನ್ನೂ ಸೀರಿಯಲ್‌ನಲ್ಲೇ ಇದ್ದೀಯಾ? ಸಿನಿಮಾ ಯಾವಾಗ ಮಾಡ್ತೀಯಾ?" ಹುಡುಗ ನಕ್ಕು ಸುಮ್ಮನಾದ. ನನಗೆ ಮಾತ್ರ ಆ ಮಾತು ಈಗಲೂ ಚುಚ್ತಾ ಇದೆ.

ಟಿವಿ ಅಂದ್ರೆ ಸಿನಿಮಾಕ್ಕೆ ಹೋಗೋ ಬಸ್ಸಿಗೆ ಕಾಯೋ ನಿಲ್ದಾಣ ಅಂತ ಯಾರು ಹೇಳಿದ್ದು?

ಟಿ.ಎನ್. ಸೀತಾರಾಂ ಅವರನ್ನೇ ನೋಡಿ. ಗೌರಿಬಿದನೂರು ಕಡೆಯವರು, ಕಾನೂನು ಓದಿದವರು, ನಾಟಕ ಬರೆದವರು. 1998ರ ಹೊತ್ತಿಗೆ ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಅವರ ಜೊತೆ ದೂರದರ್ಶನಕ್ಕೆ 'ಮಾಯಾಮೃಗ' ಧಾರಾವಾಹಿ ಮಾಡಿದರು. ನಮ್ಮ ಮನೆಯಲ್ಲಿ ಅದು ಶುರುವಾದ್ರೆ ಯಾರೂ ಎದ್ದು ಹೋಗುವ ಹಾಗಿರಲಿಲ್ಲ, ಕುಕ್ಕರ್ ಕೂಗಿದರೂ ಕೇಳುವವರಿಲ್ಲ. ಮಾಳವಿಕಾ, ಅವಿನಾಶ್, ಎಂ.ಡಿ. ಪಲ್ಲವಿ ಇವರೆಲ್ಲ ನಮಗೆ ಪಕ್ಕದ ಮನೆಯವರಷ್ಟು ಹತ್ತಿರ ಆಗಿಬಿಟ್ಟರು. ಆಮೇಲೆ 'ಮನ್ವಂತರ', 'ಮುಕ್ತ', 'ಮುಕ್ತ ಮುಕ್ತ', 'ಮಗಳು ಜಾನಕಿ'. ಲೆಕ್ಕ ಹಾಕಿ, ಎರಡು ದಶಕ. ಮಧ್ಯೆ 'ಮತದಾನ' ಅಂತ ಸಿನಿಮಾ ಮಾಡಿದರು, ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಬಂದ ಮೇಲೂ ಟಿವಿಗೇ ವಾಪಸ್ ಬಂದರಲ್ವಾ? ಅವರ ಕಥೆಗೆ ಜಾಗ ಇಲ್ಲೇ ಇತ್ತು. ಒಂದು ಜಮೀನಿನ ವ್ಯಾಜ್ಯ, ಒಬ್ಬ ರಾಜಕಾರಣಿ, ಒಬ್ಬ ಪ್ರಾಮಾಣಿಕ ಅಧಿಕಾರಿ, ಹಟ ಹಿಡಿದ ಒಬ್ಬ ಹುಡುಗಿ. ಇವರನ್ನೆಲ್ಲ ಎರಡೂವರೆ ಗಂಟೆಯಲ್ಲಿ ತುರುಕೋಕಾಗಲ್ಲ. ತಿಂಗಳುಗಟ್ಟಲೆ ಜೊತೆಗಿದ್ದರೆ ಮಾತ್ರ ಅವರು ನಮಗೆ ಅರ್ಥ ಆಗೋದು.

ಕೋರ್ಟ್ ಸೀನ್‌ಗಳ ಬಗ್ಗೆ ಹೇಳಲೇಬೇಕು. ಸಿಎಸ್‌ಪಿ ಅನ್ನುವ ವಕೀಲನ ಪಾತ್ರಕ್ಕೆ ಅವರೇ ಕರಿಕೋಟು ಹಾಕಿಕೊಂಡು ನಿಂತರು. ಒಂದು ಪಾಟೀಸವಾಲು ದಿನಗಟ್ಟಲೆ ನಡೆಯೋದು. ಕೂಗಾಟ ಇಲ್ಲ, ಡಬ್ ಡಬ್ ಅಂತ ಮ್ಯೂಸಿಕ್ ಇಲ್ಲ. ಒಂದು ಸಣ್ಣ ಪ್ರಶ್ನೆ, ಅದಕ್ಕೊಂದು ಉತ್ತರ, ಆ ಉತ್ತರದಿಂದಲೇ ಇನ್ನೊಂದು ಪ್ರಶ್ನೆ. ಕಾನೂನಿನ ಗಂಧ ಗಾಳಿ ಇಲ್ಲದ ನನ್ನ ಅಮ್ಮ, ಮರುದಿನ ಪಕ್ಕದ ಮನೆಯವರ ಜೊತೆ ಸಾಕ್ಷಿ ಹೇಳಿದ್ದು ನಿಜವೋ ಸುಳ್ಳೋ ಅಂತ ವಾದ ಮಾಡ್ತಾ ಇದ್ದರು. ಇದು ಸಣ್ಣ ಸಾಧನೆಯಾ? ಯಾವ ಸಿನಿಮಾ ನಮ್ಮ ಅಮ್ಮಂದಿರನ್ನ ಇಷ್ಟು ದಿನ ಯೋಚನೆಗೆ ಹಚ್ಚಿದೆ, ಹೇಳಿ.

ಗೊತ್ತು, ನಿಮ್ಮಲ್ಲಿ ಕೆಲವರು ಈಗಾಗಲೇ ಕಾಮೆಂಟ್ ಟೈಪ್ ಮಾಡ್ತಾ ಇರ್ತೀರಿ. "ಈಗಿನ ಸೀರಿಯಲ್‌ನಲ್ಲಿ ನಿರ್ದೇಶಕನಿಗೆ ಏನಿದೆ? ಎಲ್ಲ ಚಾನೆಲ್‌ನವರೇ ಹೇಳ್ತಾರೆ. ಗುರುವಾರ ಎಷ್ಟು ಜನ ನೋಡಿದ್ರು ಅನ್ನೋ ಟಿಆರ್‌ಪಿ ಲೆಕ್ಕ ಬಂತು ಅಂದ್ರೆ ಕಥೆಯೇ ತಿರುಗುತ್ತೆ." ತಿರುಗುತ್ತೆ, ಒಪ್ಪಿದೆ. ಹಾಗಿದ್ರೆ ಟೈಟಲ್ ನೋಡದೇ ಐದು ನಿಮಿಷದಲ್ಲಿ "ಇದು ಸೀತಾರಾಂ ಸೀರಿಯಲ್" ಅಂತ ನಾವೆಲ್ಲ ಹೇಗೆ ಗುರುತು ಹಿಡಿತಿದ್ವಿ? ಚಾನೆಲ್ ಬದಲಾದರೂ ಆ ಗುರುತು ಬದಲಾಗಲಿಲ್ಲ. ಹಿಂದೆ ಒಂದು ತಲೆ ಇತ್ತು ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು?

ಕೆಲಸದ ಕಷ್ಟವನ್ನೂ ನೋಡಿ. ಅರ್ಧ ಗಂಟೆಯ ಸ್ಲಾಟ್ ಅಂದ್ರೆ ಜಾಹೀರಾತು ಕಳೆದು ಸುಮಾರು 22 ನಿಮಿಷದ ಕಥೆ. ವಾರಕ್ಕೆ ಐದೋ ಆರೋ ಎಪಿಸೋಡ್. ಸಿನಿಮಾದವರು ದಿನಕ್ಕೆ ಎರಡು ಮೂರು ನಿಮಿಷದ ದೃಶ್ಯ ತೆಗೆದರೆ ಒಳ್ಳೆ ಕೆಲಸ ಆಯ್ತು ಅಂತಾರೆ, ಇಲ್ಲಿ ಒಂದು ದಿನದಲ್ಲಿ ಒಂದು ಎಪಿಸೋಡಿನ ಹತ್ತಿರ ಮುಗಿಸಬೇಕು. ನಟಿಗೆ ಜ್ವರ ಬಂದರೆ ಆ ಕ್ಷಣಕ್ಕೆ ಸೀನ್ ಬದಲಾಯಿಸಬೇಕು. ಇದನ್ನೆಲ್ಲ ದಿನಾ ಮಾಡೋನಿಗೆ "ಇನ್ನೂ ಇಲ್ಲೇ ಇದ್ದೀಯಾ" ಅಂತ ಕೇಳ್ತೀವಿ.

ಇನ್ನೊಂದು ಸಂಕಟ ಇದೆ. 2020ರ ಲಾಕ್‌ಡೌನ್ ಹೊತ್ತಿಗೆ 'ಮಗಳು ಜಾನಕಿ' ನಿಂತುಹೋಯ್ತು. ಪೊಲೀಸ್ ಅಧಿಕಾರಿಯಾದ ಆ ಹುಡುಗಿಯ ಜೊತೆ ಎರಡು ವರ್ಷದ ಹತ್ತಿರ ಕೂತಿದ್ದ ನಮಗೆ ಅದರ ಕೊನೆ ನೋಡೋ ಭಾಗ್ಯ ಇಲ್ಲ. ನನಗೆ ಈಗಲೂ ಅದರ ಬಗ್ಗೆ ಸಿಟ್ಟಿದೆ. ಟಿವಿ ನಿರ್ದೇಶಕನ ಬದುಕು ಹೀಗೇ, ತನ್ನ ಕಥೆಗೆ ಕೊನೆ ಬರೆಯೋ ಹಕ್ಕೂ ಎಷ್ಟೋ ಸಲ ಅವನಿಗಿಲ್ಲ. ಸಿನಿಮಾ ಸೋತರೂ ಕ್ಲೈಮ್ಯಾಕ್ಸ್ ಅಂತ ಒಂದು ಇರುತ್ತೆ.

ಶಂಕರ್ ನಾಗ್ ಅಂದ್ರೆ ನಮ್ಮ ರಾಜ್ಯದ ಹೊರಗಿನವರಿಗೆ ಮೊದಲು ನೆನಪಾಗೋದು 'ಮಾಲ್ಗುಡಿ ಡೇಸ್', ಅವರ ಸಿನಿಮಾಗಳಲ್ಲ. ಅದರ ಶೂಟಿಂಗ್ ನಡೆದ ಆಗುಂಬೆಯ ದೊಡ್ಡಮನೆ ಹುಡುಕಿಕೊಂಡು ಜನ ಇವತ್ತಿಗೂ ಬರ್ತಾರೆ. ಅದೂ ಸೀರಿಯಲ್ಲೇ ಸ್ವಾಮಿ!

ನಾನು ಕೇಳೋದು ಜಾಸ್ತಿ ಏನಲ್ಲ. ಈಗ ಎಷ್ಟೋ ಧಾರಾವಾಹಿಗಳಲ್ಲಿ ಹೆಸರುಗಳು ಕಣ್ಣು ಮಿಟುಕಿಸೋದರೊಳಗೆ ಓಡಿಹೋಗುತ್ತವೆ. ಮೊಬೈಲ್‌ನಲ್ಲಿ ನೋಡಿದರೆ ಅದನ್ನೂ ದಾಟಿಸೋಕೆ ಒಂದು ಬಟನ್ ಇದೆ. ನಿರ್ದೇಶಕ, ಸಂಭಾಷಣೆ ಬರೆದವರು, ಕ್ಯಾಮೆರಾ ಹಿಡಿದವರು, ಈ ಮೂರು ಹೆಸರಾದರೂ ಓದೋಕಾಗುವಷ್ಟು ಹೊತ್ತು ತೆರೆ ಮೇಲೆ ನಿಲ್ಲಲಿ. ಹೆಸರು ಗೊತ್ತಾದ್ರೆ ತಾನೇ ಜನ "ಇವರ ಮುಂದಿನ ಸೀರಿಯಲ್ ಯಾವಾಗ?" ಅಂತ ಕೇಳೋದು.