ಹಿಮ ನೋಡಲು ಹೋದರೆ ಒಂದೇ ಮನೆಯಲ್ಲಿರಿ

ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ದೀಪಾವಳಿ ಮುಗಿದ ಕೂಡಲೇ ಹಿಮಾಚಲದ ಮನಾಲಿಯ ಮಾತು ಶುರುವಾಗುತ್ತದೆ. ಮರಾಠಿ, ಗುಜರಾತಿ ನೆರೆಯವರು ಪ್ರವಾಸಕ್ಕೆ ತಿಂಗಳು ತಿಂಗಳು ದುಡ್ಡು ತೆಗೆದಿಡುತ್ತಾರೆ. ಮೊದಲೇ ಟಿಕೆಟ್ ಮಾಡಿಸಿ, ಥೇಪ್ಲಾ, ಚಕ್ಕುಲಿ ಕಟ್ಟಿಕೊಂಡು ಹೊರಡುತ್ತಾರೆ. ಈ ಗುಣ ನನಗೆ ತುಂಬಾ ಇಷ್ಟ. ನಮ್ಮ ಕನ್ನಡದವರಿಗೆ ರಜೆ ಅಂದರೆ ಊರು. ಮದುವೆ, ಗೃಹಪ್ರವೇಶ, ಜಾತ್ರೆ, ದಾರಿಯಲ್ಲೊಂದು ದೇವಸ್ಥಾನ. ಮನೆಮಂದಿ ಬರೀ ಜೊತೆಗಿರೋಣ ಅಂತ ಎಲ್ಲಾದರೂ ಹೋಗುವುದು ಕಡಿಮೆ. ಮುಂಬಯಿ ಕಡೆ ಇರುವವರಿಗೆ ಅದು ಬೇಕೇ ಬೇಕು. ಬೆಳಿಗ್ಗೆ ಲೋಕಲ್ ಹಿಡಿದವರು ವಾಪಸ್ ಬರುವಷ್ಟರಲ್ಲಿ ಮಕ್ಕಳು ಮಲಗಿರುತ್ತಾರೆ.

ಆದರೆ ಇಲ್ಲಿನವರು ಅಲ್ಲಿ ಹೋಗಿ ದಿನ ಕಳೆಯುವ ರೀತಿ ನನಗೆ ಒಪ್ಪಿಗೆಯಿಲ್ಲ. ಚಂಡೀಗಢದಿಂದ ಮನಾಲಿಗೆ ಸುಮಾರು 300 ಕಿ.ಮೀ. ಇಡೀ ದಿನ ಅದಕ್ಕೇ ಹೋಗುತ್ತದೆ. ಮರುದಿನ ಕತ್ತಲಿರುವಾಗಲೇ ಎದ್ದು ಹಿಮದಾಟಕ್ಕೆ ಸೋಲಂಗ್ ಕಣಿವೆ. ಅಲ್ಲಿಂದ ಅಟಲ್ ಸುರಂಗ ದಾಟಿ ಬೆಟ್ಟದಾಚೆಯ ಲಾಹೌಲ್ ಕಣಿವೆಯ ಸಿಸ್ಸು ಹಳ್ಳಿ. 2020ರಲ್ಲಿ ತೆರೆದ ಈ 9 ಕಿ.ಮೀ. ಸುರಂಗ ಲಾಹೌಲ್ ಜನರಿಗೆ ಚಳಿಗಾಲದಲ್ಲೂ ದಾರಿ ಮಾಡಿಕೊಟ್ಟಿದೆ, ಅದು ದೊಡ್ಡ ಕೆಲಸ. ಆದರೆ ಸಿಸ್ಸು 3,000 ಮೀಟರ್‌ಗಿಂತ ಮೇಲಿದೆ, ವಯಸ್ಸಾದವರಿಗೆ ಉಸಿರಿನ ತೊಂದರೆ ಆಗಬಹುದು. ಹಿಮ ಜೋರಾದ ದಿನ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತವೆ. ಒಳಗೆ ಕುಳಿತ ಮಕ್ಕಳು ಅಳುತ್ತಾರೆ. ವಯಸ್ಸಾದವರನ್ನು ಹೋಟೆಲಿನಲ್ಲೇ ಬಿಟ್ಟು ಬಂದಿರುತ್ತಾರೆ. ನನಗೆ ತೀರಾ ಬೇಸರವಾಗುವುದು ಇದಕ್ಕೇ. ಅಷ್ಟು ದೂರ ಕರೆದುಕೊಂಡು ಹೋಗಿ ಅಜ್ಜ ಅಜ್ಜಿಯನ್ನು ಟಿವಿ ಮುಂದೆ ಕೂರಿಸುವುದು ಎಂಥ ಪ್ರವಾಸ?

ನಮ್ಮ ಕಡೆ ನೆಂಟರ ಮನೆಗೆ ಹೋದವರು ಆ ಮನೆಯಲ್ಲೇ ಇರುತ್ತಾರೆ. ಬಚ್ಚಲ ಒಲೆ ಮುಂದೆ ಕೂರುತ್ತಾರೆ, ಅಡುಗೆಮನೆಯಲ್ಲಿ ಮಾತಿಗೆ ನಿಲ್ಲುತ್ತಾರೆ. ಹಿಮದೂರಿಗೂ ಈ ರೀತಿಯೇ ಸರಿ. ನಾವು ಹೋದ ಚಳಿಗಾಲದಲ್ಲಿ ಮನಾಲಿಗಿಂತ ಕೆಳಗಿರುವ ನಗ್ಗರ್ ಊರಿನ ಹತ್ತಿರದ ಹಳ್ಳಿಯಲ್ಲಿ ಒಂದು ಮರದ ಮನೆ ಹಿಡಿದೆವು. ಆ ಊರು ನಮ್ಮ ಮುಳ್ಳಯ್ಯನಗಿರಿಯಷ್ಟೂ ಎತ್ತರವಿಲ್ಲ, ಹಾಗಾಗಿ ಅತ್ತೆಯವರ ಉಸಿರಿನ ಚಿಂತೆ ಇರಲಿಲ್ಲ. ಚಳಿಯೊಂದನ್ನು ನೋಡಿಕೊಂಡರೆ ಸಾಕಿತ್ತು.

ಅಲ್ಲಿನ ಹಳೆಯ ಮನೆಗಳನ್ನು ಕಾಠ್‌ಕುಣಿ ಅನ್ನುತ್ತಾರೆ. ದೇವದಾರು ತೊಲೆ ಒಂದು ಸಾಲು, ಕಲ್ಲು ಒಂದು ಸಾಲು, ಮಧ್ಯೆ ಗಾರೆಯಿಲ್ಲ. ಭೂಮಿ ನಡುಗಿದರೆ ಗೋಡೆ ಸ್ವಲ್ಪ ಅಲುಗಾಡಿ ಸುಮ್ಮನಾಗುತ್ತದೆ. 1905ರ ಕಾಂಗ್ಡಾ ಭೂಕಂಪದಲ್ಲಿ ನಗ್ಗರ್ ಕೋಟೆ ಉಳಿದದ್ದು ಹೀಗೆ ಕಟ್ಟಿದ್ದರಿಂದ. ಗೋಡೆ ದಪ್ಪ, ಕಿಟಕಿ ಸಣ್ಣದು, ಒಳಗೆ ಬೆಚ್ಚಗೆ. ನಡುಕೋಣೆಯಲ್ಲಿ ತಗಡಿನ ಒಲೆ. ಅವರು ಅದನ್ನು ತಂದೂರ್ ಅನ್ನುತ್ತಾರೆ. ಹೊಗೆ ಕೊಳವೆ ಹಿಡಿದು ಮಾಡಿನಾಚೆ ಹೋಗುತ್ತದೆ. ಒಲೆಯ ಮೇಲೆ ನೀರಿನ ಕೆಟಲ್, ಸುತ್ತ ಹಗ್ಗದಲ್ಲಿ ನಮ್ಮೆಲ್ಲರ ಒದ್ದೆ ಕಾಲುಚೀಲ. ಮನೆಯ ಹಿರಿಯಾಕೆ ಹುದುಗು ಬರಿಸಿದ ಗೋಧಿ ಹಿಟ್ಟಿಗೆ ಅಕ್ರೋಟು, ಗಸಗಸೆ ತುಂಬಿ, ಆವಿಯಲ್ಲಿ ಬೇಯಿಸಿ, ಮೇಲೆ ತುಪ್ಪ ಸುರಿದು ಕೊಟ್ಟರು. ಸಿಡ್ಡು ಅಂತ. ನಮ್ಮ ಕಡುಬಿನ ಹಾಗೆ ಕೈ ಸುಡುವಾಗಲೇ ತಿನ್ನಬೇಕು. ನಮ್ಮತ್ತೆಗೆ ಹಿಂದಿ ಅಷ್ಟಕ್ಕಷ್ಟೇ. ಆದರೂ ಇಬ್ಬರೂ ಹಿಟ್ಟು ನಾದುತ್ತಾ ಇಡೀ ಮಧ್ಯಾಹ್ನ ಮಾತಾಡಿದರು.

ಹೊರಗೆ ಅಂಗಳದಲ್ಲೇ ಹಿಮ ಬಿದ್ದಿತ್ತು. ಮಕ್ಕಳು ಆಡುವುದು, ಕೈ ಮರಗಟ್ಟಿದಾಗ ಒಳಗೆ ಓಡಿ ಬರುವುದು, ಮತ್ತೆ ಹೊರಗೆ. "ಅಪ್ಪಾ, ನಾಳೆನೂ ಎಲ್ಲೂ ಹೋಗೋದು ಬೇಡ ಅಲ್ವಾ?" ಎಂದು ಮಗಳು ಕೇಳಿದಳು. ಬೇಡ ಅಂದೆ.

ಹೋಗುವವರು ಕೆಲವು ವಿಷಯ ಮೊದಲೇ ಕೇಳಿಕೊಳ್ಳಿ. ಒಲೆಗೆ ಹೊಗೆಕೊಳವೆ ಇದೆಯಾ? ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಒಲೆ ಇಟ್ಟು ಮಲಗಲೇಬಾರದು. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ರಾತ್ರಿ ನಲ್ಲಿಯನ್ನು ಸಣ್ಣಗೆ ಹನಿಯಲು ಬಿಡಬೇಕು, ಪೂರ್ತಿ ಮುಚ್ಚಿದರೆ ಪೈಪಿನಲ್ಲಿ ನೀರು ಹೆಪ್ಪುಗಟ್ಟುತ್ತದೆ. ಗಂಟೆ ನೋಡಿ ನೀರು ಹಿಡಿಯುವ ನಮಗೆ ಇದು ಕಷ್ಟ, ಆದರೂ ಮಾಡಲೇಬೇಕು. ಜೀನ್ಸ್ ಬೇಡ, ಒದ್ದೆಯಾದರೆ ಬೇಗ ಒಣಗುವುದಿಲ್ಲ. ಉಣ್ಣೆಯ ಕಾಲುಚೀಲ ಜಾಸ್ತಿ ಇರಲಿ. ದಪ್ಪ ಕೋಟು, ಗಂಬೂಟು ಅಲ್ಲೇ ಬಾಡಿಗೆಗೆ ಸಿಗುತ್ತವೆ.

ಕ್ರಿಸ್‌ಮಸ್ ರಜೆಗೆ ಹಿಮ ಬಿದ್ದೇ ಬೀಳುತ್ತದೆ ಅಂತ ಹೇಳಲಾಗದು. ಜನವರಿ, ಫೆಬ್ರವರಿಯಲ್ಲಿ ಸಿಗುವುದು ಜಾಸ್ತಿ. ಜನವರಿ 26ರ ಹಿಂದೆ ಮುಂದೆ ಎರಡು ದಿನ ರಜೆ ಹೊಂದಿಸಿಕೊಂಡು, ಈಗಲೇ ಒಂದು ಮನೆ ಹಿಡಿದಿಡಿ. ಟ್ಯಾಕ್ಸಿಯನ್ನು ಹೋಗುವ ದಿನಕ್ಕೂ ವಾಪಸ್ ಬರುವ ದಿನಕ್ಕೂ ಮಾತ್ರ ಹೇಳಿ.