ಮ್ಯೂಸಿಕ್ ಚಾನೆಲ್ ಮುಚ್ಚಿದ್ದು ಯೂಟ್ಯೂಬ್‌ನಿಂದ ಮಾತ್ರವಲ್ಲ
ಎಸ್ಎಸ್ ಮ್ಯೂಸಿಕ್‌ನಂಥ ದಕ್ಷಿಣದ ಹಾಡಿನ ವಾಹಿನಿಗಳನ್ನು ಯೂಟ್ಯೂಬ್ ಮುಗಿಸಿತು ಅನ್ನುವ ಮಾತಿದೆ. ಅದು ಅರ್ಧ ಸತ್ಯ. ಇವುಗಳ ಲೆಕ್ಕಾಚಾರ ಅದಕ್ಕೂ ಮೊದಲೇ ಬಿಗಿಯಾಗಿತ್ತು.

ಅನಲಾಗ್ ಕೇಬಲ್ ಕಾಲದಲ್ಲಿ ಹಳೇ ಟಿವಿಗಳು ಮೇಲಿನ ಫ್ರೀಕ್ವೆನ್ಸಿ ಹಿಡಿಯುತ್ತಲೇ ಇರಲಿಲ್ಲ. ಹಾಗಾಗಿ ಕೆಳಗಿನ ಬ್ಯಾಂಡ್‌ನಲ್ಲಿ ಜಾಗ ಬೇಕೆಂದರೆ ಚಾನೆಲ್‌ನವರೇ ಕೇಬಲ್ ಆಪರೇಟರ್‌ಗೆ ಕ್ಯಾರೇಜ್ ಶುಲ್ಕ (ಚಾನೆಲ್ ತೋರಿಸಲು ಕೊಡುವ ಹಣ) ಕಟ್ಟಬೇಕಿತ್ತು. ಪೇ ಚಾನೆಲ್‌ಗೆ ಚಂದಾ ಹಣವಾದರೂ ಬರುತ್ತಿತ್ತು. ಉಚಿತ ಹಾಡಿನ ಚಾನೆಲ್‌ಗೆ ಜಾಹೀರಾತೇ ಗತಿ. ನಿಯಮದ ಪ್ರಕಾರ ಅದೂ ಗಂಟೆಗೆ 12 ನಿಮಿಷ ಮೀರುವಂತಿರಲಿಲ್ಲ. ಧಾರಾವಾಹಿಯ ಮಧ್ಯೆ ಬ್ರೇಕ್ ಬಂದರೆ ಜನ ಕಾಯುತ್ತಾರೆ, ಹಾಡು ಮುಗಿದ ಮೇಲೆ ಯಾರು ಕಾಯುತ್ತಾರೆ? ರಿಮೋಟ್ ಒತ್ತುತ್ತಾರೆ. ರೇಟಿಂಗ್ ಬೀಳುವುದೇ ಅಲ್ಲಿ.

ಬೆಂಗಳೂರು, ಮೈಸೂರಿಗೆ 2013ರಲ್ಲಿ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾದಾಗ ಜಾಗದ ಕೊರತೆ ನೀಗಿತು, ಶುಲ್ಕ ತಪ್ಪಲಿಲ್ಲ. ನಿಯಂತ್ರಣ ಸಂಸ್ಥೆ ಟ್ರಾಯ್‌ನ 2017ರ ನಿಯಮದಲ್ಲೂ ಎಸ್‌ಡಿ (ಸಾಮಾನ್ಯ ಗುಣಮಟ್ಟದ) ಚಾನೆಲ್‌ಗೆ ಚಂದಾದಾರನೊಬ್ಬನಿಗೆ ತಿಂಗಳಿಗೆ 20 ಪೈಸೆವರೆಗೆ ಕೇಳಬಹುದಿತ್ತು. 10 ಲಕ್ಷ ಸಂಪರ್ಕವಿರುವ ಒಂದೇ ಜಾಲಕ್ಕೆ ತಿಂಗಳಿಗೆ 2 ಲಕ್ಷ ರೂಪಾಯಿ ಆಯಿತು! ಉಪಗ್ರಹದ ಬಾಡಿಗೆ ಬೇರೆ.

ಹಾಡಿನ ಹಕ್ಕಿನದು ಇನ್ನೊಂದು ತಲೆನೋವು. ಹೊಸ ಸಿನಿಮಾದ ಹಾಡು ಪ್ರಚಾರಕ್ಕೆಂದು ಸುಲಭವಾಗಿ ಸಿಗುತ್ತದೆ, ಹಳೆಯದಕ್ಕೆ ದುಡ್ಡು ಕೊಡಬೇಕು. ಅದಕ್ಕೇ ಅದೇ ನಾಲ್ಕು ಹಾಡು ದಿನವಿಡೀ ತಿರುಗುತ್ತಿದ್ದದ್ದು. ಅದಕ್ಕೆ ನಿರೂಪಕರನ್ನು ಬೈದು ಪ್ರಯೋಜನವಿರಲಿಲ್ಲ. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದಾಗ ಅದಾಗಲೇ ತಮ್ಮ ಯೂಟ್ಯೂಬ್ ಪುಟಗಳಲ್ಲಿ ಹಾಡು ಬಿಡುತ್ತಿದ್ದ ಆಡಿಯೋ ಕಂಪನಿಗಳು ಅಲ್ಲಿಯ ಜಾಹೀರಾತಿನ ಪಾಲನ್ನು ಇನ್ನಷ್ಟು ನೆಚ್ಚಿಕೊಂಡವು. ಆಮೇಲೂ ಉಳಿದುಕೊಂಡವುಗಳಲ್ಲಿ ಹೆಚ್ಚಿನವು ದೊಡ್ಡ ಗುಂಪಿನ ಪ್ಯಾಕೇಜ್‌ನಲ್ಲಿ ಸೇರಿಕೊಂಡಂಥವು. ಒಂಟಿ ಚಾನೆಲ್‌ಗೆ ಆ ಆಸರೆಯೂ ಇರಲಿಲ್ಲ.