ಒತ್ತು, ಹಿಡಿ, ಬಿಡು

ಮಾವನೋರ ಶೆಡ್ಡಲ್ಲಿ 14 ವರ್ಷ ಟಾರ್ಪಾಲು ಹೊದ್ಕೊಂಡು ಮಲಗಿದ್ದ ಪುಟ್ಟ ಕಾರನ್ನ "ನಾನೇ ರೆಡಿ ಮಾಡ್ತೀನಿ ಬಿಡಿ ಮಾವ" ಅಂದಿದ್ದು ನಾನೇ, ಯಾರೂ ಕೇಳಿರ್ಲಿಲ್ಲ. ಇಂಜಿನ್ ಸ್ಟಾರ್ಟ್ ಮಾಡೋದೇ ದೊಡ್ಡ ಕಷ್ಟ ಅಂದ್ಕೊಂಡಿದ್ದೆ, ಅದು ನೋಡಿದ್ರೆ ಹೊಸ ಬ್ಯಾಟರಿ, ಪ್ಲಗ್ಗು ಹಾಕಿ ಕಾರ್ಬೊರೇಟರ್ ತೊಳೆದ ಎರಡನೇ ಭಾನುವಾರಕ್ಕೇ ಕೆಮ್ಮಿ ಕೆಮ್ಮಿ ಎದ್ದು ಕೂತ್ಕೊಂಡ್ತು. ಆ ಖುಷೀಲಿ ರಿವರ್ಸ್ ಹಾಕಿ ಎರಡು ಮಾರು ಹೊರಗೆ ತಂದೆ, ಕ್ಲಚ್ ಒತ್ತಿ ಬ್ರೇಕ್ ಒತ್ತಿದೆ. ಪೆಡಲ್ಲು ಒಂಚೂರೂ ತಕರಾರಿಲ್ದೆ ಸೀದಾ ಕೆಳಗೆ ಹೋಗಿ ನೆಲ ಮುಟ್ತು. ಅಂಗಳ ಶೆಡ್ಡಿನ ಕಡೆಗೆ ಸ್ವಲ್ಪ ಇಳಿಜಾರು, ಕಾರು ತನ್ನ ಪಾಡಿಗೆ ತಾನು ಮುಂದಕ್ಕೆ ಉರುಳಿ ಗೋಡೆ ಮುಂದೆ ಹಾಕಿದ್ದ ಮರದ ದಿಮ್ಮಿಗೆ ಮುತ್ತು ಕೊಟ್ಟು ಎಲ್ಲಿ ಮಲಗಿತ್ತೋ ಅಲ್ಲೇ ನಿಂತ್ಕೊಂಡ್ತು. ಮಾವನೋರು ಬಾಗಿಲಲ್ಲಿ ನಿಂತು "ಅಳಿಯಂದ್ರೇ, ನಾನು ನಿಲ್ಲಿಸಿದಾಗ ಬ್ರೇಕ್ ಚೆನ್ನಾಗೇ ಇತ್ತಲ್ಲ" ಅಂದ್ರು. ಮುಂದಿನ ಎರಡು ತಿಂಗಳು ಈ ಮಾತನ್ನ ಬೇರೆ ಬೇರೆ ರಾಗದಲ್ಲಿ ಕೇಳಿದೀನಿ.

ಹಳೇ ಕಾರು, ಮುಂದೆ ಡಿಸ್ಕು, ಹಿಂದೆ ಡ್ರಮ್ಮು, ಎಲ್ಲಾದಕ್ಕೂ ಸೇರಿ ಆಯಿಲ್ ಓಡಾಡೋಕೆ ಒಂದೇ ಸರ್ಕ್ಯೂಟ್. ಅಂದ್ರೆ ಎಲ್ಲಾದ್ರೂ ಒಂದು ಕಡೆ ಲೀಕ್ ಆಯ್ತೋ, ನಾಲ್ಕೂ ಚಕ್ರಕ್ಕೂ ಗೋವಿಂದ. ಬಾನೆಟ್ ಒಳಗಿನ ಬ್ರೇಕ್ ಡಬ್ಬಿ ಮುಚ್ಚಳ ತೆಗೆದು ನೋಡಿದ್ರೆ ತಳದಲ್ಲಿ ಕರ್ರಗೆ ಕೆಸರಿನ ಥರ ಏನೋ ಇತ್ತು, ಅದೇ ಬ್ರೇಕ್ ಆಯಿಲ್ಲು. ಎಲ್ಲರೂ ಬ್ರೇಕ್ ಆಯಿಲ್ ಅಂತೀವಿ ಆದ್ರೆ ಅದು ಆಯಿಲ್ಲೇ ಅಲ್ಲ, ಗ್ಲೈಕಾಲ್ ಜಾತಿದು, ಗಾಳೀಲಿರೋ ತೇವಾನ ಹೀರ್ಕೊಳ್ತಾ ಕೂತಿರತ್ತೆ. ಡಾಟ್ 4 ಅಂತ ಬರೆದಿರೋ ಹೊಸ ಡಬ್ಬಿದು ಕಮ್ಮಿ ಅಂದ್ರೂ 230 ಡಿಗ್ರಿವರೆಗೂ ಕುದಿಯೋ ಹಾಗಿಲ್ಲ, ಅದೇ ಶೇಕಡಾ 3.7ರಷ್ಟು ನೀರು ಕುಡೀತು ಅಂದ್ರೆ ಆ ಗ್ಯಾರಂಟಿ 155ಕ್ಕೆ ಇಳಿಯತ್ತೆ. 14 ವರ್ಷದಲ್ಲಿ ಇದು ಎಷ್ಟು ಕುಡಿದಿತ್ತೋ, ಪೈಪು ಸಿಲಿಂಡರ್ ಎಲ್ಲಾ ಒಳಗಿಂದ ತುಕ್ಕು ಹಿಡಿಸಿಟ್ಟಿತ್ತು.

ಹಿಂದಿನ ಡ್ರಮ್ಮು ಬಿಚ್ಚೋಕೆ ಒಂದು ಭಾನುವಾರ ಪೂರ್ತಿ ಹೋಯ್ತು. ಸುತ್ತಿಗೇಲಿ ತಟ್ಟಿದೆ, ಹೊಡೆದೆ, ಬೈದೆ, ಅಲ್ಲಾಡ್ಲಿಲ್ಲ. ಸಂಜೆ ಹೊತ್ತಿಗೆ ಗೊತ್ತಾಯ್ತು, ಒಳಗೆ ಬ್ರೇಕ್ ಶೂ ಡ್ರಮ್ಮನ್ನ ತಬ್ಕೊಂಡಿರತ್ತೆ, ಮೊದ್ಲು ಹಿಂಬದಿಯಿಂದ ಅಡ್ಜಸ್ಟರ್ ಲೂಸ್ ಮಾಡ್ಬೇಕು ಅಂತ. ಲೂಸ್ ಮಾಡಿದ್ಮೇಲೆ ಎರಡೇ ಏಟಿಗೆ ಕೈಗೆ ಬಂತು, ಒಳಗೆ ಒಂದು ಹಿಡಿ ಧೂಳು. ಮಾವನೋರು ಉತ್ಸಾಹದಲ್ಲಿ ಸೈಕಲ್ ಪಂಪ್ ತಂದು ಊದೋಕೆ ಬಂದ್ರು, ನಾನು ಗೋಲ್ ಕೀಪರ್ ಥರ ಅಡ್ಡ ಬಿದ್ದೆ. ಶೂ ಮೇಲೆ ಅಂಟಿಸಿರೋ ಹಳೇ ಲೈನರ್‌ಗಳಲ್ಲಿ ಕಲ್ನಾರು ಇರಬಹುದು, ಆ ಧೂಳು ಶ್ವಾಸಕೋಶಕ್ಕೆ ಹೋದ್ರೆ ಅಲ್ಲೇ ಸಂಸಾರ ಹೂಡತ್ತೆ. ಮಾಸ್ಕ್ ಹಾಕ್ಕೊಂಡು ಒದ್ದೆ ಬಟ್ಟೇಲಿ ಒರೆಸಿ ಕವರಲ್ಲಿ ಕಟ್ಟಿ ಇಟ್ಟೆ. ಇಡೀ ಕಥೇಲಿ ನಾನು ಸರಿಯಾಗಿ ಮಾಡಿದ ಕೆಲಸ ಇದೊಂದೇ, ಅದಕ್ಕೇ ಇಷ್ಟು ವಿವರವಾಗಿ ಹೇಳ್ತಿರೋದು. ಶೂಗಳನ್ನ ಡ್ರಮ್ಮಿಗೆ ಒತ್ತೋ ವೀಲ್ ಸಿಲಿಂಡರಿನ ರಬ್ಬರ್ ಟೋಪಿ ಎತ್ತಿದ್ರೆ ಆಯಿಲ್ ಕಣ್ಣೀರಿನ ಥರ ಇಳೀತು, ಲೀಕು ಸಿಕ್ತು. ಹ್ಯಾಂಡ್ ಬ್ರೇಕ್ ಕೇಬಲ್ಲೂ ತುಕ್ಕು ಹಿಡಿದು ಸಿಕ್ಕಾಕ್ಕೊಂಡಿತ್ತು, ಬಿಚ್ಚಿ ಪಕ್ಕಕ್ಕಿಟ್ಟೆ, ಹೊಸದು ಬಂದ್ಮೇಲೆ ಹಾಕೋಣ ಅಂತ. ಈ ಕೇಬಲ್ ವಿಷ್ಯ ಸ್ವಲ್ಪ ನೆನಪಿಟ್ಕೊಂಡಿರಿ, ನಾನು ಮರೆತ್ಬಿಟ್ಟಿದ್ದೆ.

ಹೊಸ ಸಿಲಿಂಡರ್ ತರಿಸಿದೆ, ಪೈಪೂ ಹೋಗಿತ್ತು, ಹೊಸ ಪೈಪು ನಾನೇ ಮಾಡ್ತೀನಿ ಅಂತ ಕೂತೆ. ಪೈಪಿನ ತುದೀನ ಟೂಲಲ್ಲಿ ಹಿಡಿದು ಕಹಳೆ ಬಾಯಿ ಥರ ಅರಳಿಸ್ಬೇಕು, ಆ ಅರಳಿದ ಬಾಯಿನ ನಟ್ಟು ಒತ್ತಿ ಹಿಡ್ಕೊಳತ್ತೆ. ಮೊದಲನೇ ಸಲ ಎಷ್ಟು ಚಂದ ಬಂತು ಅಂದ್ರೆ ಹೆಂಡ್ತೀನ ಕರೆದು ತೋರಿಸ್ದೆ. ಅವಳು ಹೂಂ ಅಂದು, ನೆಲದ ಮೇಲಿದ್ದ ನಟ್ಟನ್ನ ಎತ್ಕೊಂಡು "ಇದು ಎಲ್ಲಿಗ್ರೀ?" ಅಂದ್ಲು. ನಟ್ಟನ್ನ ಮೊದ್ಲೇ ಪೈಪಿಗೆ ಪೋಣಿಸಿಕೊಂಡು ಆಮೇಲೆ ಬಾಯಿ ಅರಳಿಸ್ಬೇಕು, ಅರಳಿಸಿದ್ಮೇಲೆ ಬ್ರಹ್ಮ ಬಂದ್ರೂ ತೂರಿಸೋಕಾಗಲ್ಲ. ತುದಿ ಕತ್ತರಿಸಿ ಇನ್ನೊಂದ್ಸಲ ಮಾಡ್ದೆ, ಈ ಸಲ ನಟ್ಟು ಪೋಣಿಸಿದ್ದೆ, ಉಲ್ಟಾ. ಮೂರನೇ ಸಲಕ್ಕೆ ಎಲ್ಲಾ ಸರಿ ಹೋಯ್ತು, ಪೈಪು ಮಾತ್ರ ನಾಲ್ಕು ಬೆರಳು ಗಿಡ್ಡ ಆಗಿತ್ತು.

ಇಷ್ಟಕ್ಕೇ ಸುಮ್ನಿದ್ದಿದ್ರೆ ಕಥೆ ಮುಗೀತಿತ್ತು. ಡಿಸ್ಕನ್ನ ಎರಡೂ ಕಡೆಯಿಂದ ಅದುಮಿ ಹಿಡಿಯೋ ಮುಂದಿನ ಕ್ಯಾಲಿಪರ್‌ಗಳು ಚೆನ್ನಾಗೇ ಇದ್ವು, ಆದ್ರೆ ನಂಗೆ ಅವಕ್ಕೆ ಕೆಂಪು ಬಣ್ಣ ಹೊಡೀಬೇಕು ಅನ್ನಿಸ್ತು. ಚಕ್ರದ ಸಂದೀಲಿ ಕೆಂಪಗೆ ಕಾಣ್ತಾ ಇದ್ರೆ ಎಷ್ಟು ಗತ್ತು ಅಂತ. ಎರಡೂ ಬಿಚ್ಚಿ ಚಾಕ್ ಪೀಸಲ್ಲಿ ಒಂದರ ಮೇಲೆ "ಎಡ", ಇನ್ನೊಂದರ ಮೇಲೆ "ಬಲ" ಅಂತ ನೀಟಾಗಿ ಬರೆದೆ, ಆಮೇಲೆ ಅದರ ಮೇಲೇ ನೀಟಾಗಿ ಪೇಂಟ್ ಹೊಡೆದೆ. ಬಟ್ಟೆ ಒಣಗಿ ಹಾಕೋ ತಂತಿಗೆ ನೇತು ಹಾಕಿದ್ದೆ, ಮಧ್ಯಾಹ್ನ ಹೆಂಡ್ತಿ ಬೆಡ್‌ಶೀಟ್ ಹಾಕೋಕೆ ಜಾಗ ಬೇಕು ಅಂತ ಅವೆರಡನ್ನೂ ಪಕ್ಕಕ್ಕೆ ಸರಿಸಿದ್ಲು. ಅವಳ ತಪ್ಪು ಅಂತ ನಾನು ಹೇಳ್ತಿಲ್ಲ. ಹೇಳಿದ್ದೆ ಒಂದ್ಸಲ, ಈಗ ಹೇಳ್ತಿಲ್ಲ.

ಆಮೇಲೆ ಶುರುವಾಯ್ತು, ಪೈಪು ಬಿಚ್ಚಿದಾಗ ಒಳಗೆ ಹೊಕ್ಕ ಏರ್ ತೆಗೆಯೋ ಕಾರ್ಯಕ್ರಮ. ಒಬ್ಬರು ಒಳಗೆ ಕೂತು ಪೆಡಲ್ ಒತ್ತಿ ಹಿಡಿಬೇಕು, ಇನ್ನೊಬ್ಬರು ಕೆಳಗೆ ಮಲಗಿ ಚಕ್ರದ ಹತ್ರ ಇರೋ ನಿಪ್ಪಲ್ ಲೂಸ್ ಮಾಡ್ಬೇಕು, ಗಾಳಿ ಗುಳ್ಳೆ ಸಮೇತ ಆಯಿಲ್ ಪೈಪಲ್ಲಿ ಬಾಟ್ಲಿಗೆ ಬರತ್ತೆ, ನಿಪ್ಪಲ್ ಟೈಟ್ ಮಾಡಿದ್ಮೇಲೇ ಪೆಡಲ್ ಬಿಡ್ಬೇಕು. ಮೊದ್ಲು ಬಿಟ್ರೆ ಬಂದ ದಾರಿಲೇ ಗಾಳಿ ವಾಪಸ್ ಹೋಗತ್ತೆ. ಸಾಮಾನ್ಯವಾಗಿ, ಪೆಡಲ್ ಒತ್ತಿದಾಗ ಆಯಿಲ್ಲನ್ನ ಪೈಪಿಗೆ ತಳ್ಳೋ ಮಾಸ್ಟರ್ ಸಿಲಿಂಡರ್‌ನಿಂದ ದೂರ ಇರೋ ಚಕ್ರದಿಂದ ಶುರು ಮಾಡ್ಕೊಂಡು ಹತ್ರಕ್ಕೆ ಬರೋದು. ಮೂರೇ ಮಾತು, ಒತ್ತು, ಹಿಡಿ, ಬಿಡು. ಹೆಂಡ್ತಿಗೆ ಕಲಿಸಿಕೊಟ್ಟೆ, ಅವಳು ಶಿಸ್ತಾಗಿ ಒತ್ತಿ ಹಿಡಿದ್ಲು, ನಾನು ನಿಪ್ಪಲ್ ತಿರುಗಿಸ್ದೆ, ಆಯಿಲ್ ನೇರವಾಗಿ ಅಂಗಿ ತೋಳೊಳಗೆ ಇಳೀತು.

"ಏನಾಯ್ತ್ರೀ?" ಅಂದ್ಲು.

"ಏನಿಲ್ಲ ಬಿಡು" ಅಂದೆ.

ಬಿಟ್ಲು.

ನಮ್ಮ ಭಾಷೇಲಿ ಎಷ್ಟು ಮಾತು "ಬಿಡು"ನಲ್ಲಿ ಮುಗಿಯತ್ತೆ ಅಂತ ನಂಗೆ ಗೊತ್ತಾಗಿದ್ದೇ ಅವತ್ತು. ಸ್ಪ್ಯಾನರ್ ಜಾರಿದ್ರೆ "ಹೋಗ್ಲಿ ಬಿಡು", ಬಾಟ್ಲಿ ಮಗುಚಿದ್ರೆ "ಅಯ್ಯೋ ಬಿಡು", ಅವಳು ಕಾಲು ನೋವು ಅಂದ್ರೆ "ಇನ್ನೊಂದೇ ಸಲ ಬಿಡು". ಪ್ರತಿ ಸಲನೂ ಪೆಡಲ್ ಬಿಡೋಳು, ಪ್ರತಿ ಸಲನೂ ಗಾಳಿ ಒಳಗೆ. ಕೊನೆಗೆ ಒಂದು, ಎರಡು, ಮೂರು ಅಂತ ಇಟ್ಕೊಂಡ್ವಿ, ಅದು ಸರಿ ಹೋಯ್ತು, ಆದ್ರೆ ಒಳಗಿಂದ ಮಾವನೋರು "ಎಷ್ಟೊತ್ತಿಗೆ ಮುಗಿಯತ್ತೆ?" ಅಂತ ಕೇಳಿದ್ದಕ್ಕೆ ನಾನು "ಮೂರು ಗಂಟೆಗೆ" ಅಂದಿದ್ದೇ ತಪ್ಪಾಯ್ತು.

ಎರಡು ಡಬ್ಬಿ ಖಾಲಿಯಾಯ್ತು, ಪೆಡಲ್ಲು ಮಾತ್ರ ಸ್ಪಂಜು. ಒತ್ತಿದ್ರೆ ದಿಂಬಿನ ಮೇಲೆ ಕಾಲಿಟ್ಟ ಹಾಗೆ ಮೆತ್ತಗೆ ಹೋಗತ್ತೆ, ಎರಡ್ಮೂರು ಸಲ ಪಂಪ್ ಮಾಡಿದ್ರೆ ಸ್ವಲ್ಪ ಮೇಲೆ ಬರತ್ತೆ. ಗಾಳಿ ಇದೆ ಅಂತ ಅರ್ಥ, ಅದು ನಂಗೂ ಗೊತ್ತಿತ್ತು. 17ನೇ ಶತಮಾನದಲ್ಲೇ ಪ್ಯಾಸ್ಕಲ್ ಹೇಳಿಟ್ಟಿದ್ದಾನೆ, ಮುಚ್ಚಿದ ಪಾತ್ರೇಲಿರೋ ದ್ರವನ ಒಂದು ಕಡೆ ಒತ್ತಿದ್ರೆ ಆ ಒತ್ತಡ ಎಲ್ಲಾ ಕಡೆಗೂ ಸಮನಾಗಿ ಹೋಗತ್ತೆ ಅಂತ. ದ್ರವ ಅದುಮಿದ್ರೆ ಅದುಮಿಸ್ಕೊಳಲ್ಲ, ಗಾಳಿ ಆದ್ರೆ ಅದುಮಿದಷ್ಟೂ ಅದುಮಿಸ್ಕೊಂಡು ಸುಮ್ನಿರತ್ತೆ, ನನ್ನ ಹಾಗೆ. ಹಿಂದೆ ಕಾರುಗಳಲ್ಲಿ ಇದೆಲ್ಲಾ ಇರ್ಲಿಲ್ಲ, ಬರೀ ಕಂಬಿ, ಕೇಬಲ್ಲು, ನಾಲ್ಕು ಚಕ್ರಕ್ಕೂ ಸಮನಾಗಿ ಎಳೆಯೋ ಹಾಗೆ ಅಡ್ಜಸ್ಟ್ ಮಾಡ್ಬೇಕಿತ್ತು, ಇಲ್ಲಾಂದ್ರೆ ಎತ್ತು ಏರಿಗೆ ಕೋಣ ನೀರಿಗೆ. 1921ರಲ್ಲಿ ಡ್ಯೂಸೆನ್‌ಬರ್ಗ್ ಕಾರು ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕ್ ತಗೊಂಡು ಬಂತು, ಅವತ್ತಿಂದ ಎಷ್ಟು ಜನ ಗಂಡಸರು ಹೆಂಡ್ತಿ ಕೈಲಿ ಬೈಸ್ಕೊಂಡು ಕಾರಿನ ಕೆಳಗೆ ಮಲಗಿದಾರೋ.

ಆಗ ಫೋನ್ ಮಾಡ್ದ ಬಾಮೈದ. ಅವನಿಗೆ ಗೊತ್ತಿಲ್ಲದ ವಿಷ್ಯ ಇಲ್ಲ, ಗೊತ್ತಿರೋ ವಿಷ್ಯಾನೂ ಇಲ್ಲ. "ಭಾವ, ಪೆಡಲ್ಲು ಫುಲ್ಲಾಗಿ ಒದೀಬೇಕು, ನೆಲಕ್ಕೆ ತಾಗ್ಬೇಕು, ಆಗ ಗಾಳಿ ಹೆದ್ರಿ ಆಚೆ ಬರತ್ತೆ" ಅಂದ. ಒದ್ದೆ. ಹಳೇ ಮಾಸ್ಟರ್ ಸಿಲಿಂಡರಲ್ಲಿ ಪಿಸ್ಟನ್ ದಿನಾ ಓಡಾಡೋ ಜಾಗ ಮಾತ್ರ ನುಣ್ಣಗಿರತ್ತೆ, ಅದರಿಂದ ಮುಂದೆ ತುಕ್ಕು, ಗಷ್ಟು. ನೆಲಕ್ಕೆ ಒದ್ರೆ ರಬ್ಬರ್ ಸೀಲು ಆ ತುಕ್ಕಿನ ಮೇಲೆ ಹೋಗಿ ಕಿತ್ತೋಗತ್ತೆ, ಅದಕ್ಕೇ ತಿಳಿದೋರು ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಕೊಳ್ತಾರಂತೆ. ಇದು ನಂಗೆ ಗೊತ್ತಾಗಿದ್ದು ಒದ್ದ ಮಾರನೇ ದಿನ. ಈಗ ಪೆಡಲ್ಲು ಸ್ಪಂಜೂ ಹೌದು, ಒತ್ತಿ ಹಿಡಿದ್ರೆ ನಿಧಾನಕ್ಕೆ ಮುಳುಗೋದೂ ಹೌದು. ಮೊದಲನೇದು ಗಾಳಿ, ಎರಡನೇದು ಬಾಮೈದ.

ಮಾಸ್ಟರ್ ಸಿಲಿಂಡರನ್ನೇ ಹೊಸದು ಹಾಕಿದೆ. ಮುಳುಗೋದು ನಿಂತ್ತು, ಸ್ಪಂಜು ಹಾಗೇ ಉಳೀತು. ತಾಳ್ಮೆ ಕೆಟ್ಟು, ಪೆಡಲ್ಲಿಂದ ಸಿಲಿಂಡರಿಗೆ ಹೋಗೋ ರಾಡನ್ನ ಸ್ವಲ್ಪ ಉದ್ದ ಮಾಡಿದ್ರೆ ಪೆಡಲ್ ಬೇಗ ಹಿಡಿಯತ್ತೇನೋ ಅಂತ ಅರ್ಧ ಸುತ್ತು ತಿರುಗಿಸ್ದೆ. ಚೂರು ಚೆನ್ನಾಗಾಯ್ತು. ಇನ್ನರ್ಧ. ಆಮೇಲೆ ಇನ್ನರ್ಧ. ಎಷ್ಟು ಅರ್ಧ ಅಂತ ಲೆಕ್ಕ ಇಡ್ಲಿಲ್ಲ.

ಬಿಚ್ಚೋ ಮೊದ್ಲು ಫೋಟೋ ತಗೊಳ್ಳಿ ಅಂತ ಎಲ್ಲರೂ ಹೇಳ್ತಾರೆ, ನಾನೂ 43 ಫೋಟೋ ತಗೊಂಡಿದ್ದೆ. ಒಂದಿನ ರಾತ್ರಿ ನಿದ್ದೆ ಬರದೆ ಅದನ್ನೆಲ್ಲಾ ತಿರುವಿ ಹಾಕ್ತಾ ಮಲಗಿದ್ದೆ. ಅರ್ಧದಷ್ಟು ನನ್ನ ಹೆಬ್ಬೆರಳು. ಉಳಿದಿದ್ದು ಕತ್ತಲೆ. ಒಂದೇ ಒಂದು ಫೋಟೋ ಪಳಪಳ ಅಂತ ಬಂದಿತ್ತು, ಅದರಲ್ಲಿ ಫೋಕಸ್ ಆಗಿದ್ದು ಮಾವನೋರ ಚಪ್ಪಲಿ. ಅದರ ಹಿಂದೆ, ಮಸುಕು ಮಸುಕಾಗಿ, ಇನ್ನೂ ಬಣ್ಣ ಕಾಣದ ಕ್ಯಾಲಿಪರ್. ಅದರ ನಿಪ್ಪಲ್ ಮೇಲ್ಗಡೆ ಇತ್ತು.

ಎದ್ದು ಟಾರ್ಚ್ ಹಿಡ್ಕೊಂಡು ಶೆಡ್ಡಿಗೆ ಹೋಗಿ ಬಗ್ಗಿ ನೋಡ್ದೆ. ನನ್ನ ಕೆಂಪು ಕ್ಯಾಲಿಪರಿನ ನಿಪ್ಪಲ್ ಕೆಳಗಡೆ ನೋಡ್ತಾ ಇತ್ತು. ಆ ಕಡೆ ಹೋದೆ, ಅದೂ ಕೆಳಗಡೆ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕ್ಬಿಟ್ಟಿದ್ದೆ, ಬೋಲ್ಟು ಎರಡು ಕಡೆಗೂ ಒಂದೇ ಥರ ಕೂರತ್ತೆ, ಒಂದು ಮಾತೂ ಕೇಳ್ದೆ. ಗಾಳಿ ಯಾವತ್ತಿದ್ರೂ ಮೇಲೇ ಹೋಗಿ ಕೂರೋದು, ನಾನು ತಿಂಗಳಿಂದ ಕೆಳಗಿನ ತೂತಲ್ಲಿ ಬರೀ ಒಳ್ಳೇ ಆಯಿಲ್ ಬಸಿದು ಚೆಲ್ತಾ ಇದ್ದೆ, ಗುಳ್ಳೆ ಮಹಾರಾಯ ಮೇಲೆ ಕಾಲ್ಮೇಲೆ ಕಾಲು ಹಾಕ್ಕೊಂಡು ಆರಾಮಾಗಿದ್ದ. ಬಿಚ್ಚಿ ಅದಲು ಬದಲು ಮಾಡಿದಾಗ ಇನ್ನೊಂದು ವಿಷ್ಯ ಕಂಡ್ತು. ಚೆಲ್ಲಿದ ಬ್ರೇಕ್ ಆಯಿಲ್ಲು ನನ್ನ ಕೆಂಪು ಬಣ್ಣನ ಅಷ್ಟೊತ್ತಿಗೆ ಸುಲಿದು ಹಾಕಿತ್ತು, ಅದರ ಕೆಳಗೆ ಮಂಕಾಗಿ ಕಾಣ್ತು, "ಎಡ".

ಈ ಸಲ ಒಂದು, ಎರಡು, ಮೂರು ಅಂತ ಹತ್ತು ನಿಮಿಷಕ್ಕೆ ಪೆಡಲ್ಲು ಕಲ್ಲಾಯ್ತು. ಹೆಂಡ್ತಿ "ಎರಡು ತಿಂಗಳು ಒತ್ತಿದೋಳು ನಾನು, ಮೊದ್ಲು ನಾನೇ ಓಡಿಸೋದು" ಅಂತ ಕೂತ್ಲು, ನ್ಯಾಯವೇ. ರಿವರ್ಸಲ್ಲಿ ಗೇಟಿನವರೆಗೆ, ಬ್ರೇಕು, ಮುಂದಕ್ಕೆ, ಬ್ರೇಕು, ಮತ್ತೆ ಹಿಂದಕ್ಕೆ. ಮಾವನೋರು ಚಪ್ಪಾಳೆ ತಟ್ಟಿದ್ರು. ಆರನೇ ಸಲವೋ ಏಳನೇ ಸಲವೋ ಕಾರು ಗೇಟಿನ ಮಧ್ಯದಲ್ಲಿ ನಿಂತ್ಕೊಂಡ್ತು, ಹಿಂಭಾಗ ಆಚೆ, ಮುಂಭಾಗ ಈಚೆ.

"ಬ್ರೇಕ್ ಬಿಡೇ!"

"ಬಿಟ್ಟಿದೀನಿ ರೀ!"

"ಪೂರ್ತಿ ಬಿಡು!"

"ಕಾಲು ಸೀಟ್ ಮೇಲಿದೆ, ಇನ್ನೆಲ್ಲಿಗೆ ಬಿಡ್ಲಿ?"

ಮುಂದಿನ ಚಕ್ರದಿಂದ ಸುಟ್ಟ ವಾಸನೆ. ಪೆಡಲ್ಲನ್ನ ಕೈಲಿ ಮುಟ್ಟಿ ನೋಡ್ದೆ, ಒಂಚೂರೂ ಸಡಿಲ ಇಲ್ಲ, ಆಗ ನೆನಪಾಯ್ತು ನನ್ನ ಅರ್ಧರ್ಧ ಸುತ್ತುಗಳು. ಮಾಸ್ಟರ್ ಸಿಲಿಂಡರಲ್ಲಿ ಸೂಜಿ ಮೊನೆಯಷ್ಟು ಒಂದು ತೂತಿರತ್ತೆ, ಕಾಲು ಎತ್ತಿದಾಗ ಆಯಿಲ್ ಅದರಲ್ಲೇ ಡಬ್ಬಿಗೆ ವಾಪಸ್ ಹೋಗೋದು, ಅದಕ್ಕೇ ರಾಡಿಗೆ ಚೂರು ಸಡಿಲ ಬಿಡೋದು. ನಾನು ರಾಡ್ ಉದ್ದ ಮಾಡಿ ಮಾಡಿ ಪಿಸ್ಟನ್ನು ಆ ತೂತಿನ ಮೇಲೇ ಕೂತಿತ್ತು. ಬ್ರೇಕ್ ಒತ್ತಿದಷ್ಟೂ ಬಿಸಿ, ಬಿಸಿಯಾದಷ್ಟೂ ಆಯಿಲ್ ಹಿಗ್ಗತ್ತೆ, ಹಿಗ್ಗಿದ್ದು ಹೋಗೋಕೆ ದಾರಿ ಇಲ್ಲ, ಇನ್ನೂ ಗಟ್ಟಿ ಹಿಡಿಯತ್ತೆ. ನಿಲ್ಲದೇ ಇದ್ದ ಕಾರನ್ನ ಹೊರಡದೇ ಇರೋ ಕಾರು ಮಾಡಿಟ್ಟಿದ್ದೆ.

ಸರಿಯಾದ ದಾರಿ ಅಂದ್ರೆ ರಾಡ್ ಗಿಡ್ಡ ಮಾಡೋದು. ಆದ್ರೆ ಅದೇ ಹೊತ್ತಿಗೆ ಬಾಮೈದ ಬೈಕಲ್ಲಿ ಬಂದು ಗೇಟಾಚೆ ಹಾರ್ನ್ ಹೊಡೀತಾ "ಭಾವ, ನಿಪ್ಪಲ್ ಬಿಚ್ಚಿ ಪ್ರೆಷರ್ ತೆಗೀರಿ, ಸಾಕು" ಅಂದ. ಜೀವನದಲ್ಲಿ ಮೊದಲನೇ ಸಲ ಅವನು ಸರಿ ಹೇಳಿದ್ದ. ಚಕ್ರದ ಪಕ್ಕ ಬಗ್ಗಿ ಕಾಲು ಸುತ್ತು ತಿರುಗಿಸ್ದೆ, ಆಯಿಲ್ ಚಿರ್ರ್ ಅಂತ ಬಂತು, ಕನ್ನಡಕ ಇದ್ದಿದ್ದಕ್ಕೆ ಕಣ್ಣು ಉಳೀತು. ಸರ್ಕ್ಯೂಟ್ ಒಂದೇ, ನಾಲ್ಕೂ ಚಕ್ರ ಒಟ್ಟಿಗೇ ಬಿಡ್ತು. ಹ್ಯಾಂಡ್ ಬ್ರೇಕ್ ಕೇಬಲ್ಲು ಇನ್ನೂ ಶೆಡ್ಡಿನ ಮೂಲೇಲಿತ್ತು. ಚಕ್ರಕ್ಕೆ ಒಂದು ಇಟ್ಟಿಗೆ ಕೊಡೋ ಬುದ್ಧಿ ಮೂವರಿಗೂ ಬರ್ಲಿಲ್ಲ.

ಕಾರು ನಿಧಾನಕ್ಕೆ, ಮರ್ಯಾದೆಯಿಂದ, ಇಳಿಜಾರಲ್ಲಿ ಶೆಡ್ಡಿನ ಕಡೆ ಹೊರಡ್ತು. ಹೆಂಡ್ತಿ ಬ್ರೇಕ್ ಒತ್ತಿದ್ಲು, ನಿಪ್ಪಲಲ್ಲಿ ಇನ್ನೊಂದು ಕಾರಂಜಿ. ಮತ್ತೆ ಒತ್ತಿದ್ಲು, ಮತ್ತೊಂದು. ಸ್ಪ್ಯಾನರ್ ನೇತಾಡ್ಕೊಂಡು ಅಂಗಳದುದ್ದಕ್ಕೂ ಹನಿ ಹನಿ ಗೆರೆ ಎಳೀತಾ ಹೋಗಿ, ಡುಬ್ಬ್ ಅಂತ ಅದೇ ದಿಮ್ಮಿಗೆ ತಾಗಿ ನಿಂತ್ಕೊಂಡ್ತು. ಮಾವನೋರು ನನ್ನ ಕಡೆ ತಿರುಗೋ ಮೊದ್ಲೇ ನಾನು ಬೇರೆ ಕಡೆ ನೋಡ್ದೆ.

ಕಿಟಕಿಯಿಂದ ಹೆಂಡ್ತಿ ತಲೆ ಆಚೆ ಬಂತು. "ರೀ, ಈಗ ಹಿಡ್ಕೊಂಡಿರ್ಲಾ, ಬಿಡ್ಲಾ?"